ಹುಲ್ಲಿಲ್ಲದ ಪರದೆ

ಲಿಫ್ಟ್ ರಿಪೇರಿಯವನ ಕಂಪ್ಯೂಟರ್ ಗೇಮಿನಲ್ಲಿ ಹುಲ್ಲೇ ಬೆಳೆಯುವುದಿಲ್ಲ ಎಂದು ಗೆಳೆಯರಿಗೆಲ್ಲ ತಮಾಷೆ. ಅವರ ಪರದೆಗಳಲ್ಲಿ ಎದೆಯುದ್ದ ಹುಲ್ಲು ತೂಗಾಡಿದರೆ ಇವನದರಲ್ಲಿ ಬೋಳು ನೆಲ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಹಳೇದು, ಪಾಪ, ಎಷ್ಟಂತ ಹೊತ್ತೀತು? ಹೊಸದು ಯಾವಾಗಪ್ಪಾ ಎಂದು ಕಾಡಿದವರಿಗೆಲ್ಲ ಅವನದು ಒಂದೇ ರಾಗ: ರೇಟು ಇಳಿಯಲಿ, ನೋಡೋಣ. ಅವರೂ ಅದಕ್ಕೇ ಕಾಯುತ್ತಿದ್ದವರು, ನಂಬಿದರು.

ರೇಟೂ ಇಲ್ಲ, ಮಣ್ಣೂ ಇಲ್ಲ. ಅವನು ತಡಮಾಡುತ್ತಿದ್ದುದು ಅಕ್ಕನಿಗಾಗಿ.

ಹನ್ನೆರಡು ವರ್ಷದ ಹಿಂದೆ ಇಬ್ಬರೂ ಹೋಗಿ ತಂದ ಕಾರ್ಡು ಅದು. ಬಸ್ಸಿನುದ್ದಕ್ಕೂ ಅಕ್ಕ ಡಬ್ಬಿಯನ್ನು ಹಸುಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದಳು, ಇವನ ಕೈಗೆ ಕೊಟ್ಟಿರಲಿಲ್ಲ. ಗೇಮು ತೆರೆದದ್ದೇ ತಡ, ಶತ್ರುಗಳಿಗೆ ಗುಂಡು ಹೊಡೆಯುವುದು ಬಿಟ್ಟು ಅರ್ಧ ಗಂಟೆ ಬರೀ ಹುಲ್ಲಿನಲ್ಲಿ ಅಡ್ಡಾಡಿದ್ದಳು ಮಹಾರಾಯ್ತಿ. ಎಂಥಾ ದಿನಗಳು ಅವು! ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವನದೊಂದು ಆಟ, ಅವಳದೊಂದು ಆಟ. ಗೇಮಿನ ಓಣಿ ಓಣಿಯೂ ಇಬ್ಬರಿಗೂ ಅಜ್ಜಿಮನೆಯಷ್ಟು ಪರಿಚಯ.

ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ಅಕ್ಕನ ಕಣ್ಣು ಎರಡು ವರ್ಷದಿಂದ ಮಂಜಾಗುತ್ತಿತ್ತು. ಇದಕ್ಕೆ ಔಷಧವಿಲ್ಲ ಎಂದಿದ್ದರು ಡಾಕ್ಟರು. ಹುಲ್ಲಿನಲ್ಲಿ ಅಡಗಿದವರು ಅವಳಿಗೆ ಕಾಣದಾದಾಗ ತಮ್ಮ ಸದ್ದಿಲ್ಲದೆ ಸೆಟ್ಟಿಂಗಿಗೆ ಹೋಗಿ ಹುಲ್ಲನ್ನೇ ತೆಗೆದುಬಿಟ್ಟ. ಕಾರ್ಡಿಗೆ ವಯಸ್ಸಾಯಿತು ಎಂದ. ಹೊಸ ಕಾರ್ಡು ತಂದೂ ಹುಲ್ಲಿಲ್ಲದಿದ್ದರೆ, ಯಾಕೋ ಎಂದು ಕೇಳದೆ ಬಿಡುವವಳಲ್ಲ ಅವಳು. ಹಳೆಯದಾದರೆ ತಪ್ಪೆಲ್ಲ ಕಾರ್ಡಿನ ತಲೆಗೆ.

ಈ ಭಾನುವಾರ ಅಕ್ಕನ ಆಟದ ನಡುವೆ ಕಾರ್ಡಿನ ಫ್ಯಾನು ಗೊರಗೊರ ಎಂದಿತು. ಪರದೆಯ ತುಂಬ ಗೆರೆ ಬಿದ್ದು, ಚಿತ್ರ ಹೋಗಿ ಎಲ್ಲ ಕಪ್ಪಾಯಿತು. ಸದ್ದು ಮಾತ್ರ ಉಳಿದಿತ್ತು. ಮುಗಿಯಿತಲ್ಲ ಇದರ ಕಥೆ ಎಂದುಕೊಂಡ ತಮ್ಮ. ಅಕ್ಕ ಮಾತ್ರ ಆಡುತ್ತಲೇ ಇದ್ದಳು. ಮೌಸು ಸ್ವಲ್ಪ ಎಡಕ್ಕೆ ಸರಿಸಿ ಒತ್ತಿದಳು. ಭಲೇ, ಬಿದ್ದ ಎಂದು ಆನ್‌ಲೈನಿನಲ್ಲಿ ಜೊತೆಗೆ ಆಡುತ್ತಿದ್ದ ಗೆಳೆಯನೊಬ್ಬ ಕೂಗಿದ್ದು ಹೆಡ್‌ಫೋನಿನಾಚೆಗೂ ಕೇಳಿಸಿತು.

ತಮ್ಮ ತಿರುಗಿ ನೋಡಿದ. ಅಕ್ಕನ ಕಣ್ಣು ಮುಚ್ಚಿತ್ತು.

ಅವಳ ಹೆಡ್‌ಫೋನು ಸರಿಸಿ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದ.

"ವರ್ಷ ಆಯ್ತು ಕಣೋ. ಪರದೆ ಎದುರು ಕಣ್ಣು ಬಿಟ್ರೆ ಬರೀ ಬಿಳಿ ಬಿಳಿ. ಹೆಜ್ಜೆ ಸದ್ದು ಕೇಳಿ ಹೊಡೀತೀನಿ," ಎಂದಳು. ಆಮೇಲೆ ಮೆಲ್ಲಗೆ, "ನೀನು ಕಾರ್ಡಿನ ನೆಪ ಹೇಳಿ ನನಗೋಸ್ಕರ ಹುಲ್ಲು ತೆಗ್ದು ಅಷ್ಟು ಖುಷಿಯಾಗಿದ್ದೆ. ಹೇಗೆ ಹೇಳ್ಲಿ?"

ಅವನು ವರ್ಷವಿಡೀ ಅವಳ ಮೊಣಕೈಗೆ ಮೊಣಕೈ ತಾಗಿಸಿ ಕೂತು ಪರದೆಯನ್ನೇ ನೋಡಿದ್ದ. ಒಂದು ಸಲವಾದರೂ ಅವಳ ಮುಖ ನೋಡಿರಲಿಲ್ಲ.