ಅಂಚು ಮುಕ್ಕಾದ ಗಾಜು

2024ರ ಜುಲೈ 18, ಗುರುವಾರ, ಬೆಳಗ್ಗೆ 11 ಗಂಟೆ 20 ನಿಮಿಷ. ಕುಮಾರಸ್ವಾಮಿ ಲೇಔಟ್‌ನ ಟೈಲರ್ ಅಂಗಡಿಯ ಮೇಲಿರುವ ಸಣ್ಣ ಲೇಸರ್ ಕೋಣೆಯಲ್ಲಿ ಹಂಸಾಳ ಐದನೇ ಬ್ಯಾಚಿನ ಗಾಜೂ ಪರೀಕ್ಷೆಯಲ್ಲಿ ಸುಟ್ಟುಹೋಯಿತು.

"ಎಷ್ಟಮ್ಮಾ?" ಮಾಲೀಕ ಚಕ್ರಪಾಣಿ ಬಾಗಿಲಲ್ಲೇ ನಿಂತು ಕೇಳಿದರು.

"ಒಂಬತ್ತು ಜೂಲ್, ಸಾರ್."

"ಹೋದ ಸಲ?"

"ಒಂಬತ್ತೂವರೆ."

"ಸಖತ್. ಮುಂದಿನ ಸಲ ಟಾರ್ಚ್ ಬಿಟ್ರೂ ಸುಟ್ಟುಹೋಗುತ್ತೆ ಬಿಡು. ಸಂಜೆ ಐದಕ್ಕೆ ಗಿರಾಕಿಗೆ ಫೋನ್ ಮಾಡಿ, ಹಳೇ ಕೋಟಿಂಗ್ ಗಾಜೇ ಕೊಡ್ತೀವಿ ಅಂತ ಹೇಳ್ಬಿಡ್ತೀನಿ."

ಅವರು ಹೋದರು. ಗಾಜು ಪ್ರತಿ ಚದರ ಸೆಂಟಿಮೀಟರಿಗೆ ಇಪ್ಪತ್ತು ಜೂಲ್‌ವರೆಗೆ ಸುಡದೆ ತಾಳಬೇಕಿತ್ತು. ಭಾರೀ ಶಕ್ತಿಯ ಲೇಸರಿನ ಮುಂದೆ ಮಾಮೂಲಿ ಕೋಟಿಂಗ್ ತಾಳುವುದಿಲ್ಲವೆಂದೇ ಹಂಸಾ ಕೋಟಿಂಗನ್ನು ಬಿಟ್ಟು, ಗಾಜಿನ ಮೈಯಲ್ಲೇ ಕೂದಲಿಗಿಂತ ನೂರಾರು ಪಟ್ಟು ಸಣ್ಣ ಕಂಬಗಳನ್ನು ಕೊರೆಸಿದ್ದಳು. ಅವುಗಳ ಕೆಲಸವೂ ಕೋಟಿಂಗಿನದೇ: ಬೆಳಕು ಹಿಂದಕ್ಕೆ ಚಿಮ್ಮದೆ ಒಳಗೆ ಹೋಗಬೇಕು, ಅಷ್ಟೇ. ನಾಲ್ಕು ತಿಂಗಳಲ್ಲಿ ಕಂಬಗಳ ಎತ್ತರವನ್ನು ಮೂರು ಸಲ, ನಡುವಿನ ಅಂತರವನ್ನು ಎರಡು ಸಲ ಬದಲಿಸಿದ್ದಳು. ಪ್ರತಿ ಸಲವೂ ಲೆಕ್ಕ ಸರಿ, ಗಾಜಿನ ಮೇಲೆ ಮಾತ್ರ ಸುಟ್ಟ ಬೂದಿಬಣ್ಣದ ಚುಕ್ಕೆ.

"ಇನ್ನೊಂದು ಪೀಸ್ ಇದ್ಯಾ, ವೆಂಕಟಸ್ವಾಮಿ ಅವ್ರೇ?"

ಮೂವತ್ತೊಂದು ವರ್ಷ ಲೆನ್ಸುಗಳ ಜೊತೆ ಕಳೆದ ಟೆಕ್ನಿಷಿಯನ್ ವೆಂಕಟಸ್ವಾಮಿ ಕನ್ನಡಕ ಮೇಲೆತ್ತಿದರು. "ಅಂಚು ಮುಕ್ಕಾಗಿರೋದು ಒಂದಿದೆ ಮೇಡಂ, ರಿಜೆಕ್ಟ್ ಡಬ್ಬೀಲಿ. ಅದನ್ನ ಒರೆಸಿಲ್ಲ. ಬಿಸಾಕೋದಕ್ಕೆ ಯಾಕೆ ಪೇಪರ್ ದಂಡ ಅಂತ."

"ಒರೆಸೋದಾ? ಏನನ್ನ ಒರೆಸ್ತೀರಿ?"

"ಎಲ್ಲಾನೂ. ಅಸಿಟೋನ್ ಹಾಕಿ, ಲೆನ್ಸ್ ಪೇಪರಲ್ಲಿ, ಒಂದೇ ಎಳೆತ. ನನ್ನ ಕೈ ದಾಟಿದ ಗಾಜಲ್ಲಿ ಧೂಳು ತೋರಿಸಿ ನೋಡೋಣ."

ಹಂಸಾ ತಟ್ಟನೆ ಅವರತ್ತ ತಿರುಗಿದಳು. ಆ ಕಂಬಗಳ ಮೇಲೆ ಪೇಪರ್ ಎಳೆದರೆ ಭತ್ತದ ಗದ್ದೆಯಲ್ಲಿ ರೋಲರ್ ಓಡಿಸಿದಂತೆ. ಮುರಿದ ಕಂಬಗಳ ಸಂದಿಯಲ್ಲಿ ಸಿಕ್ಕಿಕೊಂಡ ಪೇಪರ್ ನಾರಿಗೇ ಲೇಸರ್ ಮೊದಲು ಕಚ್ಚುತ್ತದೆ.

"ಯಾರ್ರೀ ಹೇಳಿದ್ದು ಒರೆಸಿ ಅಂತ?"

ವೆಂಕಟಸ್ವಾಮಿ ಗೋಡೆಯತ್ತ ಬೆರಳು ತೋರಿಸಿದರು. ಕೆಲಸದ ಹಾಳೆಯ ಹದಿನಾಲ್ಕನೇ ಸಾಲು: 'ಒರೆಸಿ ಪ್ಯಾಕ್ ಮಾಡಿ.' ಕೆಳಗೆ ಅವಳದೇ ಸಹಿ. ಮೊದಲ ದಿನ ಲೆನ್ಸಿನ ಹಳೇ ಹಾಳೆಯನ್ನೇ ನಕಲು ಮಾಡಿ, ಮೇಲಿನ ಐದಾರು ಸಾಲು ತಿದ್ದಿ, ಅಂಟಿಸಿಬಿಟ್ಟಿದ್ದಳು.

"ಬೈಯೋದಾದ್ರೆ ಆ ಸೈನ್ ಮಾಡಿದೋರನ್ನ ಬೈಕೊಳ್ಳಿ," ಎಂದರು ವೆಂಕಟಸ್ವಾಮಿ, ಮೆಲ್ಲಗೆ.

ಹಂಸಾ ಆ ಸಾಲನ್ನು ಮತ್ತೊಮ್ಮೆ ಓದಿದಳು. ಮೊದಲ ಬ್ಯಾಚಿನ ವಿನ್ಯಾಸವೇ ಸರಿಯಿತ್ತೇನೋ. ಈಗ ತಿಳಿಯುವ ದಾರಿಯಿಲ್ಲ, ಅದರ ಒಂದೊಂದು ಗಾಜನ್ನೂ ನೀಟಾಗಿ ಒರೆಸಲಾಗಿತ್ತು.

ಮುಕ್ಕಾದ ಗಾಜನ್ನು ಚಿಮಟದಲ್ಲಿ ಅಂಚು ಹಿಡಿದು ಲೇಸರಿನ ಮುಂದೆ ಕೂರಿಸಿ, ಶಕ್ತಿ ಏರಿಸುತ್ತ ಹೋದಳು. ಒಂಬತ್ತು ದಾಟಿತು. ಹನ್ನೆರಡು. ಹದಿನಾರು. ವೆಂಕಟಸ್ವಾಮಿ ಕುರ್ಚಿ ಬಿಟ್ಟು ಎದ್ದು ಬಂದರು. ಇಪ್ಪತ್ತರಲ್ಲೂ ಗಾಜು ತಿಳಿಯಾಗಿಯೇ ಇತ್ತು. ಆಮೇಲೆ ಚುಕ್ಕೆ ಕಾಣಿಸಿತು.

ಹಂಸಾ ಹದಿನಾಲ್ಕನೇ ಸಾಲನ್ನು ಪೆನ್ನು ಒತ್ತಿ ಹೊಡೆದುಹಾಕಿ, ದಾಖಲೆ ಪುಸ್ತಕ ತೆರೆದು ಬರೆದಳು: ಒರೆಸದ ಗಾಜು ಒಂದು, ಪ್ರತಿ ಚದರ ಸೆಂಟಿಮೀಟರಿಗೆ 23.4 ಜೂಲ್.