ಜಿಪಾರಳ ದವಡೆ

"ಕಚ್ಚಿ ಹಿಡೀರಿ ಅತ್ತಿಗೆ. ಇನ್ನೂ ಗಟ್ಟಿಯಾಗಿ... ಹಾಂ, ಈಗ ಬಿಡಿ."

ಜಿಪಾರ್ ದವಡೆ ಸಡಿಲಿಸಿದಳು. ಬೆಗಾಯಿಮ್‌ಳ ಬೆರಳುಗಳು ಅವಳ ಕಿವಿಯ ಕೆಳಗೆ, ಕಚ್ಚಿದಾಗ ಸ್ನಾಯು ಉಬ್ಬುವ ಕಡೆ ಒತ್ತಿಕೊಂಡಿದ್ದವು. ಹಲ್ಲಿನ ಡಾಕ್ಟರಮ್ಮನ ಕೈಗವಸು ಹಾಕಿದ ಬೆರಳು. ಆದರೇನಂತೆ, ಒಳಗಿನ ಬಿಸಿ ಗೊತ್ತಾಗುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಈ ಹುಡುಗಿ ತನ್ನ ಮುಖ ಮುಟ್ಟಿದ್ದು ಎಷ್ಟು ಸಲ ಎಂದು ನೆನೆಯಲು ಹೋಗಿ ಜಿಪಾರ್ ಕೈಬಿಟ್ಟಳು. ನೆನೆಯುವಷ್ಟೇನೂ ಇರಲಿಲ್ಲ.

"ಅಬ್ಬಬ್ಬಾ, ಕಲ್ಲು!" ಎಂದಳು ಬೆಗಾಯಿಮ್, ಬಿಳಿ ಪೆನ್ಸಿಲಿನಿಂದ ಕೆನ್ನೆಯ ಮೇಲೆ ಮೂರು ಚುಕ್ಕೆ ಇಡುತ್ತ. "ರಾತ್ರಿಯಿಡೀ ಏನನ್ನ ಅಗೀತೀರಿ ನೀವು? ನಾನು ಕೂರಿಸಿದ ಹಲ್ಲಿನ ಟೋಪೀನ ಆರೇ ತಿಂಗಳಿಗೆ ಎರಡು ಹೋಳು ಮಾಡಿಟ್ಟಿದ್ದೀರಲ್ಲ."

"ನಿಮ್ಮಣ್ಣ ಹೇಳ್ತಾರೆ, ಕುದುರೆ ಬಾರ್ಲಿ ಅಗಿದ ಹಾಗೆ ಕೇಳ್ಸುತ್ತಂತೆ. ಹೊದಿಕೆ ಎತ್ಕೊಂಡು ಆಚೆ ಕೋಣೆಗೆ ಹೋಗ್ತಾರೆ."

ನಿಮ್ಮಣ್ಣ ಎಂದರೆ ಜಿಪಾರಳ ಗಂಡ ಎರ್ಮೆಕ್. ಬೆಗಾಯಿಮ್ ಹುಟ್ಟಿದ್ದು ಅವನಿಗೇ, ಹೆತ್ತವಳು ಈ ಕುರ್ಚಿಯಲ್ಲಿ ಒರಗಿದ್ದ ಅತ್ತಿಗೆಯೇ. ಇದೆಂಥ ಲೆಕ್ಕ ಎಂದು ಕೇಳಿದರೆ, ಇದೇ ಲೆಕ್ಕ. ಅವರ ಕಡೆ ಚೊಚ್ಚಲು ಕೂಸು ಅಜ್ಜ ಅಜ್ಜಿಯರದು. ಹುಟ್ಟಿ ನಲವತ್ತು ದಿನ ಕಳೆದ ಬೆಳಗ್ಗೆ ಅತ್ತೆ ಸುಯುಮ್ಕಾನ್ ಬಂದು ಮಗುವನ್ನು ಎತ್ತಿಕೊಂಡಳು. "ಇದು ನನ್ನ ಕಡೇ ಕೂಸು ಕಣೇ. ನಿನಗೇನು, ಪ್ರಾಯ ಇದೆ, ಬೇಕಾದಷ್ಟು ಹೆರು" ಎಂದಳು. ಕೆಟ್ಟ ಹೆಂಗಸೇನಲ್ಲ, ಅವಳ ಚೊಚ್ಚಲನ್ನೂ ಅವಳ ಅತ್ತೆ ಹಾಗೆಯೇ ಎತ್ತಿಕೊಂಡಿದ್ದಳು. ಹಾಲಿಗೆಂದು ಹೊತ್ತು ಹೊತ್ತಿಗೆ ಮಗುವನ್ನು ತಂದುಕೊಡುತ್ತಿದ್ದಳು, ಕುಡಿದಾದ ಮೇಲೆ ಒಯ್ಯುತ್ತಿದ್ದಳು. ಹಿರಿಯರ ಮುಂದೆ "ನನ್ನ ಮಗಳು" ಎನ್ನುವುದಿರಲಿ, ಮುತ್ತಿಡುವುದೂ ಸೊಸೆಗೆ ಸಲ್ಲದು.

ಮನೆ ತುಂಬ ಮೈದುನರು, ನಾದಿನಿಯರು. ಎಲ್ಲರ ಬಾಯಲ್ಲೂ ಅತ್ತಿಗೆ, ಅತ್ತಿಗೆ. ಒಂದು ದಿನ ಕೂಸೂ ತೊದಲುತ್ತ ಹಾಗೆಯೇ ಕರೆಯಿತು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಿಪಾರಳೂ ನಕ್ಕಳು. ನಗದೆ ಇನ್ನೇನು ಮಾಡಿಯಾಳು? ಆಮೇಲೆ ಎರಡು ಗಂಡು ಹುಟ್ಟಿದವು. ಅವು ದಿನಕ್ಕೆ ನೂರು ಸಲ ಅಮ್ಮಾ ಅಮ್ಮಾ ಎಂದು ತಲೆ ತಿಂದವು. ಆದರೂ ಅಂಗಳದ ಆಚೆ ಬದಿಯಿಂದ ಹುಡುಗಿ ಅದೇ ಪದವನ್ನು ಕೂಗಿ ಅತ್ತೆಯ ಕಡೆಗೆ ಓಡಿದಾಗಲೆಲ್ಲ ಜಿಪಾರಳ ಕೈಯ ಕೆಲಸ ನಿಲ್ಲುತ್ತಿತ್ತು.

"ಈ ಔಷಧಿ ಏನ್ಮಾಡುತ್ತೆ?" ಎಂದು ಜಿಪಾರ್ ಸಿರಿಂಜಿನತ್ತ ನೋಡಿ ಕೇಳಿದಳು.

"ಸ್ನಾಯೂನ ಸ್ವಲ್ಪ ಸೋಮಾರಿ ಮಾಡುತ್ತೆ. ವಾರ ಹತ್ತು ದಿನದಲ್ಲಿ ಗೊತ್ತಾಗುತ್ತೆ, ಮೂರ್ನಾಲ್ಕು ತಿಂಗಳು ಇರುತ್ತೆ. ಪೇಟೆ ಹುಡ್ಗೀರು ಮುಖ ಸಪೂರ ಆಗ್ಲಿ ಅಂತ ಸಾಲುಗಟ್ಟಿ ಹಾಕಿಸ್ಕೊಳ್ತಾರೆ. ನಿಮಗೆ ಅಂದ ಪುಕ್ಕಟೆ."

"ಈ ವಯಸ್ಸಲ್ಲಿ ಸಪೂರ ಮುಖ ಕಟ್ಕೊಂಡು ಏನ್ಮಾಡ್ಲಿ? ನಿಮ್ಮಣ್ಣ ಗುರುತು ಸಿಗದೆ ಬಾಗಿಲು ಹಾಕ್ಕೊಂಡಾರು."

ಬೆಗಾಯಿಮ್ ಗೊಳ್ಳೆಂದು ನಕ್ಕಳು. ಮುಖದ ಮಾಸ್ಕು ಕೆಳಗೆ ಜಾರಿತ್ತು. ಅಗಲ ದವಡೆ, ಕಿವಿಯ ಕೆಳಗೆ ಉಬ್ಬು. ಸುಯುಮ್ಕಾನಳ ಮುಖ ಬಾದಾಮಿಯಂತೆ ಕಿರಿದು. ಎರ್ಮೆಕ್‌ನದೂ ಅಷ್ಟೆ. ಈ ದವಡೆ ಎಲ್ಲಿಂದ ಬಂತೆಂದು ಆ ಮನೆಯಲ್ಲಿ ಯಾರೂ ಯಾವತ್ತೂ ಕೇಳಿದ್ದಿಲ್ಲ.

"ಕಾರ್ಡಲ್ಲಿ ಬರೀಬೇಕು," ಎಂದು ಬೆಗಾಯಿಮ್ ಪೆನ್ನು ತೆಗೆದಳು. "ನಿಮ್ಮ ತವರಲ್ಲಿ ಯಾರಾದ್ರೂ ಹೀಗೆ ಹಲ್ಲು ಕಡೀತಿದ್ರಾ?"

"ನಮ್ಮಮ್ಮ. ಸಾಯೋ ತನಕ."

"ಹಂಗಾದ್ರೆ ನನಗೂ ಅಲ್ಲಿಂದ್ಲೇ ಬಂದಿದೆ. ಬಿಷ್ಕೆಕ್ ಹಾಸ್ಟೆಲಲ್ಲಿ ಒಂದು ಹುಡ್ಗೀನೂ ನನ್ನ ಕೋಣೇಲಿ ನಿಲ್ತಿರಲಿಲ್ಲ ಗೊತ್ತಾ?"

ಹಗುರಾಗಿ ಹೇಳಿದ ಮಾತು. ಬರೆಯುತ್ತ ಬರೆಯುತ್ತ, ತಲೆಯನ್ನೂ ಎತ್ತದೆ. ಜಿಪಾರ್ ಮಾತ್ರ ಕುರ್ಚಿಯ ಒರಗಿನಿಂದ ತಲೆ ಎತ್ತಿದಳು. ಇಷ್ಟು ವರ್ಷದಲ್ಲಿ ಹುಡುಗಿ ತನ್ನಲ್ಲಿರುವ ಏನನ್ನಾದರೂ ಜಿಪಾರಳಿಂದ ಬಂತೆಂದು ಹೇಳಿದ್ದು ಇದೇ ಮೊದಲು. ಇನ್ನು ತಡೆದುಕೊಳ್ಳಲಾಗಲಿಲ್ಲ.

"ಬೆಗಾಯಿಮ್, ಒಂದು ಮಾತು ಕೇಳ್ಲಾ?"

"ಕೇಳಿ ಅತ್ತಿಗೆ."

"ಅತ್ತೆ ಹೋಗಿ ವರ್ಷ ತುಂಬ್ತು. ಕುದುರೆ ಕಡಿದು ವರ್ಷದೂಟಾನೂ ಹಾಕಿದ್ವಿ. ಇನ್ನು ಯಾರ ಮನಸ್ಸಿಗೂ ನೋವಾಗಲ್ಲ. ನನ್ನನ್ನ ಒಂದ್ಸಲ ಅಮ್ಮ ಅನ್ನು. ಒಂದೇ ಒಂದ್ಸಲ. ಬಾಗಿಲು ಹಾಕಿದೆ, ಯಾರ ಕಿವಿಗೂ ಬೀಳಲ್ಲ."

ಬೆಗಾಯಿಮ್ ಪೆನ್ನು ಕೆಳಗಿಟ್ಟಳು. ತಟ್ಟೆಯಲ್ಲಿದ್ದ ಸಿರಿಂಜನ್ನು ಎತ್ತಿಕೊಂಡಳು, ಮತ್ತೆ ಅಲ್ಲೇ ಇಟ್ಟಳು.

"ನಾನೂ ಹಾಗೆ ಕರೆಯೋಕೆ ನೋಡಿದ್ದೀನಿ ಅತ್ತಿಗೆ," ಎಂದಳು ಕೊನೆಗೆ. "ಕನ್ನಡಿ ಮುಂದೆ ನಿಂತು ನೋಡಿದ್ದೀನಿ. ಬಾಯಿಗೇ ಬರಲ್ಲ. ಅಮ್ಮ ಅಂದ್ಕೂಡ್ಲೆ ಅವಳ ಮುಖ ಬರುತ್ತೆ, ಅವಳ ಕೈ ಬರುತ್ತೆ. ನಿಮ್ಮನ್ನ ಹಾಗೆ ಕರೆದ್ರೆ ಅವಳನ್ನ ಎರಡನೇ ಸಲ ಮಣ್ಣು ಮಾಡಿದ ಹಾಗಾಗುತ್ತೆ. ತಪ್ಪು ತಿಳ್ಕೋಬೇಡಿ."

"ತಪ್ಪೇನು ಬಂತು. ಸರಿ ಬಿಡು, ಚುಚ್ಚು."

ಆ ಕೆನ್ನೆಗೆ ಮೂರು, ಈ ಕೆನ್ನೆಗೆ ಮೂರು. ಸೂಜಿ ಕೂದಲಿನಷ್ಟು ಸಣ್ಣದು, ಇರುವೆ ಕಚ್ಚಿದಷ್ಟೂ ಉರಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿದ್ದು ಅದಕ್ಕಲ್ಲ.

"ನೋವಾಯ್ತಾ?"

"ಹೂಂ, ಸೂಜಿ," ಎಂದಳು ಜಿಪಾರ್.

ಬೆಗಾಯಿಮ್ ಹತ್ತಿಯಿಂದ ಕೆನ್ನೆ ಒರೆಸುವ ನೆವದಲ್ಲಿ ಕಣ್ಣಿನ ಕೆಳಗೂ ಒರೆಸಿದಳು. "ನಾಲ್ಕು ಗಂಟೆ ಹೊತ್ತು ಮಲಗೋ ಹಾಗಿಲ್ಲ. ಕೆನ್ನೆ ತಿಕ್ಕೋ ಹಾಗಿಲ್ಲ. ಕುರುತ್ ಅಂತೂ ಮುಟ್ಟಲೇಬೇಡಿ. ಆ ಒಣ ಮೊಸರಿನ ಗುಂಡು ಕಡಿದೂ ಕಡಿದೂ ಅರ್ಧ ಊರಿಗೆ ಹಲ್ಲಿಲ್ಲ. ಈಗ್ಲೇ ಊರಿನ ವ್ಯಾನ್ ಹತ್ತಿದ್ರೆ ಕಿಟಕಿಗೆ ಕೆನ್ನೆ ಒತ್ತಿ ಗೊರಕೆ ಹೊಡೀತೀರಿ, ನನಗೆ ಗೊತ್ತಿಲ್ವಾ? ಇಲ್ಲೇ ಹೊರಗೆ ಕೂತಿರಿ. ಊಟದ ಹೊತ್ತಿಗೆ ಬರ್ತೀನಿ."

ಹೊರಗಿನ ಬೆಂಚಿನಲ್ಲಿ ಜಿಪಾರ್ ನೆಟ್ಟಗೆ ಕೂತಳು. ಕಿಟಕಿಯಾಚೆ ಕರಾಕೋಲ್ ಪೇಟೆಯ ಬೀದಿಯಲ್ಲಿ ಸೇಬು ಮಾರುವವರ ಕೂಗಾಟ. ಕೇಳಬಾರದಿತ್ತು ಎಂದು ತನ್ನನ್ನು ತಾನೇ ಬೈದುಕೊಂಡಳು. ಇದ್ದ ಆಸೆಯಾದರೂ ಆಸೆಯಾಗಿ ಉಳಿಯುತ್ತಿತ್ತು. ಮುದುಕಿಯಾಗುವ ಕಾಲಕ್ಕೆ ಮಗುವಿನ ಹಾಗೆ ಹಟ! ಎದ್ದು ಹೋಗಿಬಿಡೋಣ ಅನ್ನಿಸಿತು. ಊಟದ ಹೊತ್ತಿಗೆ ಬರುತ್ತೇನೆ ಎಂದಿದ್ದಾಳಲ್ಲ, ಅದಕ್ಕೆ ಕೂತಳು.

ಬೆಗಾಯಿಮ್ ಬಂದಳು, ಎರಡು ಡಬ್ಬಿ ಅಶ್ಲ್ಯಾನ್‌ಫು ಹಿಡಿದುಕೊಂಡು. ಹುಳಿ ಖಾರದ ತಣ್ಣನೆಯ ಶಾವಿಗೆ, ಅಗಿಯುವ ಕಷ್ಟವಿಲ್ಲ, ಸುರಿದರೆ ಇಳಿಯುತ್ತದೆ. ಅಕ್ಕಪಕ್ಕ ಕೂತು ತಿಂದರು. ಖಾರ ಹೆಚ್ಚಾಗಿದೆ ಎಂದಳು ಒಬ್ಬಳು, ಹಾಗೇನಿಲ್ಲ ಎಂದಳು ಇನ್ನೊಬ್ಬಳು.

"ಮುಂದಿನ ರೋಗಿ ಎರಡೂವರೆಗೆ. ಬೆಳಗ್ಗೆ ಏಳರಿಂದ ನಿಂತಿದ್ದೀನಿ, ಸೊಂಟ ಬಿದ್ದೋಯ್ತು," ಎಂದು ಬೆಗಾಯಿಮ್ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ತಲೆ ವಾಲಿ ಜಿಪಾರಳ ಭುಜದ ಮೇಲೆ ಬಿತ್ತು.

ಜಿಪಾರ್ ಖಾಲಿ ಡಬ್ಬಿಯನ್ನು ಸದ್ದಾಗದಂತೆ ಕೆಳಗಿಟ್ಟಳು. ಆಗ ಕೇಳಿಸಿತು ಆ ಸದ್ದು. ಕರಕರ, ಕರಕರ. ಹುಡುಗಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಳು. ನಲವತ್ತು ದಿನದ ಕೂಸಾಗಿದ್ದಾಗ ಅವಳಿಗೆ ಹಲ್ಲೇ ಇರಲಿಲ್ಲ. ಆಮೇಲೆ ಒಂದು ರಾತ್ರಿಯೂ ಜಿಪಾರಳ ಪಕ್ಕದಲ್ಲಿ ಮಲಗಿದವಳಲ್ಲ. ಮಗಳ ನಿದ್ದೆ ಹೇಗಿರುತ್ತದೆಂದು ತಾಯಿಗೆ ಇಪ್ಪತ್ತಾರು ವರ್ಷದ ಮೇಲೆ ತಿಳಿಯಿತು. ಮೆಲ್ಲಗೆ ಕೈ ಎತ್ತಿ ಅವಳ ದವಡೆಯ ಮೇಲೆ ಅಂಗೈ ಇಟ್ಟಳು. ಅಂಗೈಯಡಿ ಸ್ನಾಯು ಗಂಟು ಕಟ್ಟಿ ಬಿಚ್ಚಿ ಕುಣಿಯುತ್ತಿತ್ತು.

ಎದುರಿನ ಬೆಂಚಿನಲ್ಲಿ, ಊದಿದ ಕೆನ್ನೆಗೆ ಶಾಲು ಸುತ್ತಿಕೊಂಡಿದ್ದ ಮುದುಕಿಯೊಬ್ಬಳು ಆಗಿನಿಂದ ಇವರನ್ನೇ ನೋಡುತ್ತಿದ್ದಳು.

"ಡಾಕ್ಟರಮ್ಮ ನಿನಗೇನಾಗ್ಬೇಕು ತಾಯೀ?"

ಸಂತೆಯಲ್ಲಿ, ಮದುವೆ ಮನೆಯಲ್ಲಿ, ಶಾಲೆಯ ಬಾಗಿಲಲ್ಲಿ ಯಾರು ಕೇಳಿದರೂ ಜಿಪಾರಳ ಬಾಯಲ್ಲಿ ಒಂದೇ ಉತ್ತರ ಸಿದ್ಧವಿರುತ್ತಿತ್ತು: ನಾದಿನಿ. ಈಗಲೂ ಅದು ನಾಲಗೆಯ ತುದಿಗೆ ಬಂತು.

"ಮಗಳು," ಎಂದಳು. ದನಿ ತಗ್ಗಿಸಲಿಲ್ಲ. "ನನ್ನ ಚೊಚ್ಚಲು ಮಗಳು."

ಕರಕರ ಸದ್ದು ಥಟ್ಟನೆ ನಿಂತಿತು. ಅಂಗೈಯಡಿಯ ಸ್ನಾಯು ಅಲುಗಲಿಲ್ಲ. ಹುಡುಗಿಗೆ ಎಚ್ಚರವಾಗಿದೆ ಎಂದು ಜಿಪಾರಳಿಗೆ ಗೊತ್ತಾಯಿತು. ಕೈ ತೆಗೆಯಬೇಕೋ ಬೇಡವೋ ತಿಳಿಯದೆ ಹಾಗೆಯೇ ಕೂತಳು.

"ನಿನ್ನದೇ ಮುಖ ನೋಡು," ಎಂದಳು ಮುದುಕಿ.

ಬೆಗಾಯಿಮ್ ತಲೆ ಎತ್ತಲಿಲ್ಲ. ಕಣ್ಣೂ ತೆರೆಯಲಿಲ್ಲ. ಭುಜದ ಮೇಲೆ ತಲೆಯನ್ನು ಇನ್ನೊಂದು ಚೂರು ಒಳಗೆ ಸರಿಸಿಕೊಂಡಳು.