ಗೇಣು ನೀರಿಗೊಂದು ಫ್ಯಾನು

ಆ ಬೇಸಿಗೆಯಲ್ಲಿ ಬೆನ್ವಿಂದೊನ ಮನೆ ನೆಲಕ್ಕೆ ಕೂತಿತು. ದೊಡ್ಡ ದಿಮ್ಮಿಗಳ ಮೇಲೆ ತೇಲುವ ಮನೆ; ಹುಟ್ಟಿದಂದಿನಿಂದ ಅವನು ನೀರಿನ ಮೇಲೆಯೇ ಮಲಗಿ ಎದ್ದವನು. ಅಲ್ಲಿ ಬೇಸಿಗೆ ಬಲಿಯುವ ಸೆಪ್ಟೆಂಬರ್ ಬರುವಷ್ಟರಲ್ಲಿ ಸರೋವರ ಹಿಂದೆ ಹಿಂದೆ ಸರಿದು, ಮನೆ ಒಂದು ಮಗ್ಗುಲಿಗೆ ವಾಲಿ, ಬಿರುಕು ಬಿಟ್ಟ ಕೆಸರಿನ ಮೇಲೆ ನಿಂತುಬಿಟ್ಟಿತು. ಹೆಂಡತಿ ಮೇಜಿನ ಮೇಲೆ ಕಾಫಿ ಲೋಟ ಇಟ್ಟರೆ ಅದು ತಾನಾಗಿ ಜಾರಿ ಅಂಚಿಗೆ ಬರುತ್ತಿತ್ತು. ಮೊದಮೊದಲು ನಕ್ಕರು. ಆಮೇಲೆ ಲೋಟವನ್ನು ಕೈಯಲ್ಲೇ ಹಿಡಿದು ಕುಡಿಯುವುದನ್ನು ರೂಢಿ ಮಾಡಿಕೊಂಡರು.

ಸಾಂತಾ ಕಿತೇರಿಯಾ ಊರಿನಲ್ಲಿ ಮೋಟಾರು ರಿಪೇರಿಯೆಲ್ಲ ಅವನದೇ. ಅಲ್ಲಿ ಎಲ್ಲರ ದೋಣಿಗೂ ಇರುವುದು ರಬೇಟಾ, ಅಂದರೆ ಬಾಲದ ಮೋಟಾರು. ದೋಣಿಯ ಹಿಂಬದಿಯಲ್ಲಿ ಸಣ್ಣದೊಂದು ಪೆಟ್ರೋಲ್ ಎಂಜಿನ್ನು, ಅದರಿಂದ ಹಿಂದಕ್ಕೆ ಚಾಚಿದ ಉದ್ದನೆಯ ದಂಡ, ದಂಡದ ತುದಿಯಲ್ಲಿ ನೀರು ತಳ್ಳುವ ಫ್ಯಾನು. ನೀರು ಕಡಿಮೆಯಿರುವಲ್ಲಿ ಹಿಡಿಕೆಯನ್ನು ಕೆಳಕ್ಕೆ ಒತ್ತಿದರೆ ಬಾಲ ಮೇಲೇಳುತ್ತದೆ, ಫ್ಯಾನು ತಳಕ್ಕೆ ತಾಗದೆ ಮುಂದೆ ಸಾಗಬಹುದು. ಪ್ರತಿವರ್ಷವೂ ಹೊಳೆ ಇಳಿದಾಗ ಜನ ಫ್ಯಾನಿನ ಚಕ್ಕೆಯೆದ್ದ ರೆಕ್ಕೆಗಳನ್ನು ತರುತ್ತಿದ್ದರು, ಅವನು ಬಡಿದು, ಉಜ್ಜಿ, ಬಗ್ಗಿಸಿ ಕೊಡುತ್ತಿದ್ದ. ಈ ಸಲ ಬಾಲವನ್ನು ಎಷ್ಟು ಎತ್ತಿದರೂ ಫ್ಯಾನು ಮಣ್ಣನ್ನೇ ಕೆರೆಯುತ್ತಿತ್ತು. ಸರೋವರದಿಂದ ಸೊಲಿಮೋಯಿಸ್ ಹೊಳೆಗೆ ಇದ್ದದ್ದು ಒಂದೇ ಕಾಲುವೆ. ಅದರಲ್ಲಿ ನಡೆದುಹೋಗುವವರ ಮೊಣಕಾಲು ಕೂಡ ನೆನೆಯುತ್ತಿರಲಿಲ್ಲ.

ಊರಿನ ಬದುಕು ನಿಂತಿದ್ದು ಆ ಸರೋವರದ ಪಿರರುಕು ಮೀನಿನ ಮೇಲೆ. ಆಳುದ್ದಕ್ಕೂ ಮೀರಿ ಬೆಳೆಯುವ ಮೀನು. ಉಸಿರಿಗಾಗಿ ಆಗಾಗ ನೀರಿನ ಮೇಲಕ್ಕೆ ಬಂದು ದೊಡ್ಡವರು ನಿಟ್ಟುಸಿರು ಬಿಟ್ಟ ಹಾಗೆ ಸದ್ದು ಮಾಡಿ ಮುಳುಗುತ್ತದೆ. ವರ್ಷಕ್ಕೊಮ್ಮೆ, ಸರ್ಕಾರ ಒಪ್ಪಿದಷ್ಟನ್ನು ಮಾತ್ರ, ಊರವರೆಲ್ಲ ಸೇರಿ ಹಿಡಿಯುವುದು. ಉಳಿದ ದಿನವೆಲ್ಲ ಕಳ್ಳರು ಬಾರದಂತೆ ಪಾಳಿಯ ಮೇಲೆ ಕಾಯುವುದು. ಹಾಗೆ ಕಾಯುತ್ತಿದ್ದಾಗಲೇ ಮರಿನಾಲ್ವಾಳ ಗಂಡ ಅಮರಿಲ್ಡೊ ಗುಂಡು ತಗುಲಿ ಸತ್ತಿದ್ದ. ಹೊಡೆದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು; ಯಾರನ್ನೂ ಹಿಡಿಯಲಿಲ್ಲ. ಮರಿನಾಲ್ವಾ ಮೊದಲು ಗಂಡನ ಪಾಳಿಯನ್ನು ವಹಿಸಿಕೊಂಡಳು, ಬರಬರುತ್ತಾ ಇಡೀ ಕಾವಲನ್ನೇ. ಅವಳ ಮಗಳಿಗೆ ಬೆನ್ವಿಂದೊ ಚರ್ಚಿನಲ್ಲಿ ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತ ಧರ್ಮತಂದೆ. ಹಾಗಾಗಿ ಅವಳಿಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ.

ಹಿಡಿಯುವ ಕಾಲ ಹತ್ತಿರ ಬಂದಾಗ, ಪ್ರತಿವರ್ಷ ಮೀನು ಕೊಳ್ಳಲು ಬರುವ ಐಸ್ ಬೋಟಿನ ಯಜಮಾನ ರೇಡಿಯೋದಲ್ಲಿ ಹೇಳಿದ: ಕಾಲುವೆಯೊಳಗೆ ಬರಲಾಗದು, ಬಾಯಿಯ ಹತ್ತಿರ ಹೊಳೆಯಲ್ಲೇ ಲಂಗರು ಹಾಕುತ್ತೇನೆ, ಐಸು ಕರಗುವವರೆಗೆ ಕಾಯುತ್ತೇನೆ, ಮೀನನ್ನು ಅಲ್ಲಿಗೆ ತಂದುಕೊಡಿ. ಚರ್ಚಿನ ಚಪ್ಪರದಡಿ ಊರು ಸೇರಿತು.

“ಬಿಟ್ಟರೂ ಸಾಯ್ತವೆ, ಹಿಡಿದ್ರೂ ಸಾಯ್ತವೆ,” ಅಂದ ಮುದುಕ ತಿಬೂರ್ಸಿಯೊ. “ನೀರು ಮುಟ್ಟಿ ನೋಡಿದ್ರಾ? ಕಾಫಿಗೆ ಬೇರೆ ನೀರು ಕಾಯಿಸೋದೇ ಬೇಡ. ಸಣ್ಣ ಮೀನು ಆಗ್ಲೇ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಾ ಇದಾವೆ.”

“ಮಳೆ ಬೇಗ ಬಂದ್ರೆ ದೊಡ್ಡವು ಉಳೀತವೆ,” ಅಂದಳು ಮರಿನಾಲ್ವಾ. “ಹೊಳೆ ತನಕ ಸಾಗಿಸೋಕೆ ಆಗೋದಾದ್ರೆ ಹಿಡಿಯೋಣ. ಆಗದೆ ಇದ್ರೆ ಒಂದಕ್ಕೂ ಈಟಿ ಹಾಕೋದು ಬೇಡ. ಕೊಳೆಸೋಕೆ ಅಂತ ನಾನು ಇಷ್ಟು ವರ್ಷ ಕಾದಿಲ್ಲ.”

ಆಮೇಲೆ ಅವಳು ಹಿಂದಿನ ಬೆಂಚಿನ ಕಡೆ ತಿರುಗಿದಳು. “ಕೊಂಪಾದ್ರೆ, ಆ ಕಾಲುವೇಲಿ ದೋಣಿ ಹೋಗುತ್ತಾ? ನೀನು ಆಗಲ್ಲ ಅಂದ್ರೆ ಮಾತು ಇಲ್ಲಿಗೇ ಮುಗೀತು.”

“ಈಗಿರೋ ಫ್ಯಾನಿಗೆ ಆಗಲ್ಲ,” ಅಂದ ಬೆನ್ವಿಂದೊ. “ಬೇರೆ ಮಾಡ್ತೀನಿ.”

“ಆಗುತ್ತಾ?”

“ಆಗುತ್ತೆ.”

ಅಷ್ಟು ಬೇಗ ಯಾಕೆ ಹೇಳಿದೆ ಎಂದು ಅವನಿಗೇ ತಿಳಿಯಲಿಲ್ಲ. ಜನ ಅವನತ್ತ ನೋಡುತ್ತಿದ್ದರು, ಅವರ ಮುಖಗಳಲ್ಲಿ ಎಷ್ಟೋ ತಿಂಗಳಿಂದ ಕಾಣದ ಏನೋ ಒಂದು ಕಂಡಿತು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಮನೆಯ ಹಿಂದೆ ಹಳೆಯ ಫ್ಯಾನುಗಳ ಗುಡ್ಡೆಯಿತ್ತು. ದಪ್ಪನೆಯದೊಂದನ್ನು ಆರಿಸಿ, ರೆಕ್ಕೆಗಳನ್ನು ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿದ. ಚಿಕ್ಕದಾದರೆ ತಳಕ್ಕೆ ತಾಗದು, ಆದರೆ ತಳ್ಳುವ ಶಕ್ತಿಯೂ ಕುಗ್ಗುತ್ತದೆ. ಅದಕ್ಕೆಂದು ಎರಡು ರೆಕ್ಕೆಯ ಜಾಗದಲ್ಲಿ ನಾಲ್ಕು ಕೂರಿಸಿ, ಅಂಚುಗಳನ್ನು ಅಂಗೈಯಲ್ಲಿ ನೀರು ಮೊಗೆಯುವ ಹಾಗೆ ಒಳಕ್ಕೆ ಬಾಗಿಸಿದ. ನೀರಿನ ಮೇಲ್ಮೈಗೆ ಹತ್ತಿರ ತಿರುಗುವ ಫ್ಯಾನು ಗಾಳಿಯನ್ನು ಎಳೆದುಕೊಂಡು ಸುಮ್ಮನೆ ಸುತ್ತುತ್ತದೆ. ಅದಕ್ಕೆ ತಗಡಿನದೊಂದು ಮುಚ್ಚಿಗೆ ಮಾಡಿ ಮೇಲೆ ಬಿಗಿದ. ಕೊನೆಗೆ ತನ್ನ ಸ್ವಂತ ದೋಣಿಯನ್ನು ಮಗುಚಿ, ಹಿಂಬದಿಯ ತಳವನ್ನು ಗರಗಸದಿಂದ ಕೊಯ್ದು, ದಂಡವನ್ನು ಗಿಡ್ಡ ಮಾಡಿ, ಫ್ಯಾನು ಅರ್ಧ ಒಳಗೇ ಕೂರುವಂತೆ ಕವುಚಿದ ತೊಟ್ಟಿಯ ಹಾಗೆ ಮಾಡಿ, ನೀರು ಒಳನುಗ್ಗದಂತೆ ಹಲಗೆ ಬಡಿದ. ಕೊಯ್ದು ಬಿದ್ದ ಹಲಗೆ ತುಂಡುಗಳನ್ನು ಹೆಂಡತಿ ಒಲೆಗೆಂದು ಎತ್ತಿಟ್ಟಳು.

ತಿಬೂರ್ಸಿಯೊ ಬಂದು ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿದ. “ಇದೇನಪ್ಪಾ, ಅಸಾಯಿ ಹಣ್ಣಿನ ರಸ ಕಡೆಯೋಕಾ?”

“ನಿನ್ನ ನಾಲಿಗೆಗೆ ಕಟ್ಟೋಕೆ. ಅದಾಗ್ಲೇ ನೀರಿಲ್ಲದ ಕಡೇನೂ ಓಡುತ್ತಲ್ಲ.”

ಪರೀಕ್ಷೆಯ ದಿನ ಮರಿನಾಲ್ವಾ ದೋಣಿಯ ಮುಂದೆ ಕೂತಳು. ಕಾಲುವೆ ಗೇಣುದ್ದಕ್ಕಿಂತ ತುಸು ಹೆಚ್ಚು ಆಳವಿತ್ತು. ಎಂಜಿನ್ನು ಕೂಗಿತು, ಫ್ಯಾನು ಕಂದು ನೀರನ್ನು ಹಿಂದಕ್ಕೆ ಎರಚಿತು, ದೋಣಿ ನಡುಗುತ್ತ ನಡುಗುತ್ತ ಹೊರಟಿತು. ಎರಡು ಕಡೆ ತಳ ಉಜ್ಜಿತು, ನಿಲ್ಲಲಿಲ್ಲ. ತಿರುವು ದಾಟಿ ದೊಡ್ಡ ಹೊಳೆ ಕಂಡಾಗ ಮರಿನಾಲ್ವಾ ಹಿಂದಿರುಗಿ ನೋಡಿ ನಕ್ಕಳು. ಅಮರಿಲ್ಡೊ ಸತ್ತ ಮೇಲೆ ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕಿದ್ದನ್ನು ಅವನು ನೋಡಿರಲಿಲ್ಲ.

“ಹೇಳಿದ್ನಲ್ಲ,” ಅಂದ.

“ಹೇಳಿದ್ದೆ,” ಅಂದಳು. “ಇನ್ನು ನಾನು ಅವರಿಗೆಲ್ಲ ಹೇಳ್ತೀನಿ.”

ಬಲೆಗಳನ್ನು ಸರಿಪಡಿಸಿ, ಬೋಟು ಬಂದು ಲಂಗರು ಹಾಕುವಷ್ಟರಲ್ಲಿ ಮತ್ತೆ ಕೆಲವು ದಿನ ಕಳೆದವು. ಬೆನ್ವಿಂದೊ ಕಾಲುವೆಯಲ್ಲೊಂದು ಕೋಲು ನೆಟ್ಟಿದ್ದ. ದಿನವೂ ಹೋಗಿ ನೋಡುತ್ತಿದ್ದ, ದಿನವೂ ಕೋಲಿನ ಮೇಲೆ ಒದ್ದೆ ಗುರುತು ಕೆಳಕ್ಕೆ ಸರಿದಿರುತ್ತಿತ್ತು. ಮೀನು ಹಿಡಿಯುವ ಹಿಂದಿನ ದಿನ ಅವನು ಕೋಲಿನಾಚೆಗೂ ನಡೆದು ನೋಡಿದ. ತಿರುವಿನ ಹತ್ತಿರ ನೀರು ಪಾದ ಮುಳುಗುವಷ್ಟಿತ್ತು, ಅದರ ಕೆಳಗೆ ಗಂಜಿಯಂಥ ಕೆಸರು. ಮುಚ್ಚಿಗೆಯನ್ನು ಇನ್ನೊಂದಿಷ್ಟು ತಗ್ಗಿಸಿದರೆ ಆಗಬಹುದು ಎಂದುಕೊಂಡ. ಊರಿಗೆ ಬಂದರೆ ಹೆಂಗಸರು ಕತ್ತಿ ಮಸೆಯುತ್ತಿದ್ದರು, ಗಂಡಸರು ದೊಣ್ಣೆಗಳನ್ನು ಜೋಡಿಸುತ್ತಿದ್ದರು. ಮರಿನಾಲ್ವಾ ದೂರದಿಂದ ಅವನ ಮುಖ ನೋಡಿದಳು. ಅವನು ಆಗುತ್ತೆ ಎಂಬಂತೆ ತಲೆಯಾಡಿಸಿ ಮನೆಗೆ ಹೋಗಿ ಮುಚ್ಚಿಗೆ ಬಿಚ್ಚುತ್ತ ಕೂತ.

ಬೆಳಿಗ್ಗೆ ಹಿಡಿದರು. ಬತ್ತಿದ ಸರೋವರದಲ್ಲಿ ಮೀನುಗಳಿಗೆ ಓಡಲು ಜಾಗವಿರಲಿಲ್ಲ, ಅಷ್ಟು ಸುಲಭವಾಗಿ ಯಾವ ವರ್ಷವೂ ಸಿಕ್ಕಿರಲಿಲ್ಲ. ಉಸಿರಿಗೆಂದು ತಲೆಯೆತ್ತಿದ ಒಂದೊಂದಕ್ಕೂ ಈಟಿ ಬಿತ್ತು, ದೊಣ್ಣೆ ಬಿತ್ತು. ದಡದಲ್ಲಿ ಹೆಂಗಸರು ಕರುಳು ತೆಗೆದು ತೊಳೆದರು. ತೊಳೆದ ನೀರೂ ಬೆಚ್ಚಗಿತ್ತು. ಬಿಸಿಲೇರುವ ಮೊದಲೇ ಬಾಳೆಯೆಲೆಗಳ ಮೇಲೆ ದೊಡ್ಡ ದೊಡ್ಡ ಮೀನುಗಳು ಸಾಲಾಗಿ ಮಲಗಿದ್ದವು.

ಮೊದಲ ಸಲ ಬೆನ್ವಿಂದೊ ಎರಡನ್ನು ಹೇರಿಕೊಂಡು ಹೊರಟ. ತಿರುವಿನಲ್ಲಿ ಇಳಿದು ತಳ್ಳಬೇಕಾಯಿತು, ಆದರೂ ದಾಟಿದ. ಬೋಟಿನವರು ಮೀನನ್ನು ಮೇಲೆಳೆದುಕೊಂಡು, “ಬೇಗ ಬೇಗ ತನ್ನಿ,” ಅಂದರು. ಅವನು ಹಿಂತಿರುಗಿ ಈ ಸಲ ಮೂರನ್ನು ಹೇರಿದ. ಭಾರಕ್ಕೆ ಹಿಂಬದಿ ಕುಸಿಯಿತು. ಮೊದಲ ಸಲ ಫ್ಯಾನು ಕಲಕಿದ್ದ ಕೆಸರು ತಳಕ್ಕಿಳಿಯದೆ ಹಾಗೆಯೇ ನಿಂತಿತ್ತು. ಕಾಲುವೆಯಲ್ಲಿ ನೀರೆನ್ನುವುದೇ ಉಳಿದಿರಲಿಲ್ಲ. ಎಂಜಿನ್ನು ಕಿರುಚಿತು, ಫ್ಯಾನು ಸುತ್ತಿತು, ದೋಣಿ ಇದ್ದಲ್ಲೇ ಇತ್ತು. ಅವನು ಇನ್ನಷ್ಟು ಪೆಟ್ರೋಲು ಬಿಟ್ಟ. ತಗಡಿನ ಮುಚ್ಚಿಗೆ ಕಿತ್ತು ಹಾರಿತು, ಹೂತಿದ್ದ ಮರದ ಬೇರಿಗೆ ಬಡಿದು ದಂಡ ಬಾಗಿತು, ಎಂಜಿನ್ನು ಒಮ್ಮೆ ಕೆಮ್ಮಿ ನಿಂತಿತು. ಸದ್ದೆಲ್ಲ ನಿಂತ ಮೇಲೆ ದೂರದಲ್ಲಿ ಜನ ಮಾತಾಡುವುದು ಕೇಳಿಸುತ್ತಿತ್ತು.

ಗಂಡಸರೆಲ್ಲ ಓಡಿ ಬಂದು ಹಗ್ಗ ಕಟ್ಟಿ ಎಳೆದರು. ತೊಡೆಯವರೆಗೆ ಹೂತುಹೋಗುತ್ತಿದ್ದರು. ಕೆಸರಲ್ಲಿ ಅಡಗಿದ್ದ ತೊರಕೆ ಮೀನು ಒಬ್ಬನ ಕಾಲಿಗೆ ಬಾಲದ ವಿಷಮುಳ್ಳು ಚುಚ್ಚಿತು, ಅವನನ್ನು ಹೊತ್ತುಕೊಂಡು ಇಬ್ಬರು ಹಿಂದೆ ಹೋದರು. ಕೋಲಿಗೆ ಮೀನನ್ನು ಕಟ್ಟಿ ಹೆಗಲ ಮೇಲೆ ಹೊತ್ತು ನೋಡಿದರು. ಹೊಳೆ ಮುಟ್ಟುವಷ್ಟರಲ್ಲಿ ಕಿವಿರುಗಳು ಬೂದಿ ಬಣ್ಣಕ್ಕೆ ತಿರುಗಿರುತ್ತಿದ್ದವು. ಬೋಟಿನ ಯಜಮಾನ ಮೂಸಿ ನೋಡಿ ಕೆಲವನ್ನು ತೆಗೆದುಕೊಂಡ, ಆಮೇಲೆ ತೆಗೆದುಕೊಳ್ಳಲಿಲ್ಲ. ಕೆಟ್ಟ ಮನುಷ್ಯನಲ್ಲ ಅವನು. “ಇದನ್ನ ತಗೊಂಡ್ರೆ ನನ್ನ ಹತ್ರ ಇರೋದೂ ಕೆಡುತ್ತೆ,” ಎಂದು ಎರಡು ಮೂರು ಸಲ ಹೇಳಿದ.

ಊರಲ್ಲಿದ್ದ ಉಪ್ಪನ್ನೆಲ್ಲ, ಅಡುಗೆ ಡಬ್ಬಿಯ ತಳದ್ದನ್ನೂ ಕೆರೆದು, ಕತ್ತರಿಸಿದ ಮೀನಿಗೆ ಹಚ್ಚಿದರು. ಅದು ನಾಲ್ಕೈದು ಮೀನಿಗೆ ಸಾಲಿತು. ಉಳಿದವನ್ನು ಮಧ್ಯಾಹ್ನದ ಹೊತ್ತಿಗೆ ಹದ್ದುಗಳು ಕಂಡವು. ಅವುಗಳನ್ನು ಓಡಿಸಲು ಮಕ್ಕಳು ಡಬ್ಬ ಬಡಿದರು, ಸ್ವಲ್ಪ ಹೊತ್ತಾದ ಮೇಲೆ ಮರಿನಾಲ್ವಾ, “ಸಾಕು, ಬಿಡಿ,” ಅಂದಳು. ಮರುದಿನ ಮಣ್ಣು ತೋಡಿ ಹೂತರು. ತಿಬೂರ್ಸಿಯೊ ಕೂಡ ತಮಾಷೆ ಮಾಡಲಿಲ್ಲ. ಬೆನ್ವಿಂದೊನನ್ನು ಯಾರೂ ಬೈಯಲಿಲ್ಲ. ಗುಂಡಿ ತೋಡುವಾಗ ಅವನ ಪಕ್ಕದಲ್ಲಿ ಯಾರೂ ನಿಲ್ಲಲಿಲ್ಲ, ಅಷ್ಟೇ.

ಹಿಡಿಯದೆ ಬಿಟ್ಟ ಮೀನುಗಳೂ ಉಳಿಯಲಿಲ್ಲ. ಅಕ್ಟೋಬರಿನಲ್ಲಿ ಸರೋವರ ಕೊಚ್ಚೆಯಾಯಿತು, ಒಂದೊಂದಾಗಿ ಮಗ್ಗುಲಾದವು. ಹೇಗೂ ಸಾಯುತ್ತಿದ್ದವು ಎಂದು ಹೆಂಡತಿ ಅವನಿಗೆ ಸಮಾಧಾನ ಹೇಳಿದಳು. ಅವನಿಗೆ ಅದು ಸಮಾಧಾನವಾಗಿ ಕೇಳಿಸಲಿಲ್ಲ.

ಮರಿನಾಲ್ವಾ ಮಗಳನ್ನು ಮೊದಲೇ ಟೆಫೆ ಪಟ್ಟಣಕ್ಕೆ, ತಂಗಿಯ ಮನೆಗೆ ಕಳಿಸಿದ್ದಳು. ಆ ತಿಂಗಳ ಕೊನೆಯಲ್ಲಿ ತಾನೂ ಹೊರಟಳು. ಅವಳ ಗಂಟುಗಳನ್ನು ಹೊರಲು ಬೆನ್ವಿಂದೊ ಹೋದ. ಇಬ್ಬರೂ ಒಣಗಿದ ಕಾಲುವೆಯಲ್ಲೇ ನಡೆದರು. ಹೊಳೆಯ ದಡದಲ್ಲಿ ಪ್ರಯಾಣಿಕರ ದೋಣಿಗಾಗಿ ಕಾಯುತ್ತ ಅವಳು ಹುರಿದ ಮರಗೆಣಸಿನ ಹಿಟ್ಟಿನ ಡಬ್ಬ ತೆಗೆದು ಅವನ ಮುಂದೆ ಹಿಡಿದಳು. ಇಬ್ಬರೂ ಒಂದೊಂದು ಹಿಡಿ ಬಾಯಿಗೆ ಹಾಕಿಕೊಂಡರು.

“ಕೊಮಾದ್ರೆ,” ಅಂದ ಅವನು, “ನೀರು ಸಾಲಲ್ಲ ಅಂತ ಹಿಂದಿನ ದಿನಾನೇ ಗೊತ್ತಾಗಿತ್ತು ನಂಗೆ.”

“ಗೊತ್ತು. ನಿನ್ನ ಮುಖ ನೋಡಿದ್ನಲ್ಲ.”

“ಮತ್ತೆ ಯಾಕೆ ನಿಲ್ಲಿಸಲಿಲ್ಲ ನೀನು?”

ಅವಳು ಡಬ್ಬಕ್ಕೆ ಮುಚ್ಚಳ ಹಾಕಿದಳು. “ಬೇಡ ಅಂದಿದ್ರೆ ಮಾರನೇ ದಿನದಿಂದ ಮಾಡೋಕೆ ಏನಿತ್ತು ಹೇಳು. ಅವು ಸಾಯೋದನ್ನ ಕೂತು ನೋಡೋದು, ಅಷ್ಟೇ ತಾನೆ? ಅದಕ್ಕೆ ನಾನೂ ಸುಮ್ಮನಿದ್ದೆ.”

ಅವನು ಅವಳ ಗಂಟೊಂದರ ಸಡಿಲ ಹಗ್ಗ ಬಿಗಿದ. “ನೀರು ಏರಿದ ಮೇಲೆ ಬರ್ತೀಯಲ್ಲ?”

“ಯಾವುದನ್ನ ಕಾಯೋಕೆ, ಕೊಂಪಾದ್ರೆ?”

ದೋಣಿ ಬಂತು. ಮರಳು ದಿಬ್ಬಗಳ ಭಯಕ್ಕೆ ಅದು ದಡಕ್ಕೆ ಬರದೆ ದೂರದಲ್ಲೇ ನಿಂತಿತು, ಸೊಂಟದವರೆಗಿನ ನೀರಿನಲ್ಲಿ ಇಬ್ಬರೂ ಗಂಟುಗಳನ್ನು ತಲೆಯ ಮೇಲೆ ಹೊತ್ತು ನಡೆದರು. ಅವಳು ಹತ್ತಿ, ಪ್ರಯಾಣಿಕರು ಮಲಗಲು ಕಟ್ಟಿದ್ದ ಜೋಲಿಗಳ ನಡುವೆ ಜಾಗ ಹುಡುಕಿಕೊಂಡು ಕೂತಳು. ಅವನು ಕೈಯೆತ್ತಿದ. ಅವಳೂ ಎತ್ತಿದಳು, ಮತ್ತೆ ಗಂಟು ಬಿಚ್ಚಿ ಏನನ್ನೋ ಹುಡುಕತೊಡಗಿದಳು.

ದೋಣಿ ಮರೆಯಾಗುವವರೆಗೂ ಅವನು ನೀರಿನಲ್ಲೇ ನಿಂತಿದ್ದ. ಆಮೇಲೆ ದಡ ಹತ್ತಿ, ಒದ್ದೆ ಪ್ಯಾಂಟನ್ನು ಹಿಂಡಿಕೊಂಡು, ಊರಿನ ಕಡೆ ಹೊರಟ.